ಎಡಭುಜದ ಮೇಲೆ ಬಂದ ಲಾಬ್‌ಗೆ ಉತ್ತರ: ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್‌ನ ಹಿಡಿತ ಮತ್ತು ತಂತ್ರ

(ಎಲ್ಲ ವಿವರವೂ ಬಲಗೈ ಆಟಗಾರರ ಲೆಕ್ಕದಲ್ಲಿದೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಂಡು ಓದಿ.)

ಟೆನಿಸ್‌ನಲ್ಲಿ ನೆಟ್ ಬಳಿ ನಿಂತವರನ್ನು ಹಿಂದಕ್ಕೆ ಅಟ್ಟಬೇಕಾದಾಗ ಅನುಭವಿ ಎದುರಾಳಿ ಲಾಬನ್ನು (ತಲೆಯ ಮೇಲಿಂದ ಎತ್ತರಕ್ಕೆ ಹಾರಿಸುವ ಚೆಂಡು) ಎಡಭುಜದ ಮೇಲೆ ಹಾಯಿಸಲು ನೋಡುತ್ತಾನೆ. ಅದಕ್ಕೆ ಕಾರಣ ನಮ್ಮ ಮೈಕಟ್ಟಿನಲ್ಲೇ ಇದೆ. ಸರ್ವ್‌ನಲ್ಲೂ, ತಲೆಯ ಮೇಲಿಂದ ಕೆಳಕ್ಕೆ ಬಾರಿಸುವ ಮಾಮೂಲಿ ಸ್ಮ್ಯಾಶ್‌ನಲ್ಲೂ ಮೇಲ್ತೋಳು ಒಳಮುಖವಾಗಿ ತಿರುಗುತ್ತದೆ. ಎದೆಯ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು ಅದಕ್ಕೆ ಬಲ ತುಂಬುತ್ತವೆ. ಹಿಂಗೈ ಮುಂದಾಗಿ ಬಾರಿಸುವ ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್‌ನಲ್ಲಿ ಅದೇ ತೋಳು ಹೊರಮುಖವಾಗಿ ತಿರುಗಬೇಕು. ಅದನ್ನು ಮಾಡುವ ಸ್ನಾಯುಗಳು ಭುಜದ ಹಿಂದಿರುವ ಸಣ್ಣವು. ಹಾಗಾಗಿ ಎಷ್ಟೇ ಕಸರತ್ತು ಮಾಡಿದರೂ ಇಲ್ಲಿ ಫೋರ್‌ಹ್ಯಾಂಡ್ ಸ್ಮ್ಯಾಶ್‌ನ ವೇಗ ಸಿಗುವುದಿಲ್ಲ. ವೇಗದ ಆಸೆ ಬಿಟ್ಟು ಕೋನ ಹುಡುಕಬೇಕು. ಮುಂದೆ ಹೇಳುವುದೆಲ್ಲ ಇದೊಂದು ಮಾತಿನಿಂದಲೇ ಹುಟ್ಟುತ್ತದೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ: ಸಮಯವಿದ್ದರೆ ಈ ಹೊಡೆತವನ್ನು ಆಡಲೇಬೇಡಿ. ಚೆಂಡಿನ ಎಡಕ್ಕೆ ಸರಿದು ಫೋರ್‌ಹ್ಯಾಂಡ್‌ನಲ್ಲೇ ಬಾರಿಸಿ. ಲಾಬ್ ತೀರಾ ಎತ್ತರಕ್ಕೆ ಹೋಗಿದ್ದರೆ ನೆಲಕ್ಕೆ ಪುಟಿಯಲು ಬಿಡಿ. ಎರಡಕ್ಕೂ ಅವಕಾಶವಿಲ್ಲದ, ತಗ್ಗಾಗಿ ಚುರುಕಾಗಿ ಬರುವ ಲಾಬ್‌ಗೆ ಮಾತ್ರ ಇದು.

ಹಿಡಿತ. ರಾಕೆಟ್ಟಿನ ಹಿಡಿಕೆಗೆ ಎಂಟು ಮುಖಗಳಿವೆ. ಫ್ರೇಮಿನ ಅಂಚು ಆಕಾಶಕ್ಕೆ ಬರುವಂತೆ ಹಿಡಿದಾಗ ಮೇಲೆ ಕಾಣುವುದು 1ನೆಯ ಮುಖ, ಅದರ ಬಲಕ್ಕೆ ಓರೆಯಾಗಿರುವುದು 2ನೆಯದು. ತೋರುಬೆರಳಿನ ಬುಡದ ಗೆಣ್ಣು 2ರ ಮೇಲೆ ಕೂತರೆ ಅದು ಕಾಂಟಿನೆಂಟಲ್. 1ರ ಮೇಲೆ ಕೂತರೆ ಈಸ್ಟರ್ನ್ ಬ್ಯಾಕ್‌ಹ್ಯಾಂಡ್. ಈ ಹೊಡೆತಕ್ಕೆ ಕಾಂಟಿನೆಂಟಲ್ಲೇ ಸಾಕು. ವಾಲಿಗೂ (ಚೆಂಡು ಪುಟಿಯುವ ಮುನ್ನವೇ ಆಡುವ ಹೊಡೆತ) ಮಾಮೂಲಿ ಸ್ಮ್ಯಾಶ್‌ಗೂ ಅದನ್ನೇ ಹಿಡಿದಿರುತ್ತೇವಾದ್ದರಿಂದ ನೆಟ್ ಬಳಿ ಬದಲಾಯಿಸುವ ಗೋಜಿಲ್ಲ. ಅಂಗೈ ಹಿಡಿಕೆಯ ಹಿಂದೆ ಇನ್ನಷ್ಟು ಗಟ್ಟಿಯಾಗಿ ನಿಲ್ಲಲಿ ಎನ್ನುವವರು 1ರ ಕಡೆಗೆ ಒಂದಿಷ್ಟೇ ಸರಿಸುತ್ತಾರೆ. ಅದು ಸರಿಯೇ. ಪೂರ್ತಿ ಸರಿದರೆ ಮಾತ್ರ ರಾಕೆಟ್ಟಿನ ಮುಖ ಬೇಗ ಕೆಳಗೆ ಬಾಗಿ ಚೆಂಡು ನೆಟ್‌ಗೆ ಬೀಳುವ ಸಾಧ್ಯತೆ ಹೆಚ್ಚು. ಫೋರ್‌ಹ್ಯಾಂಡ್ ಹಿಡಿತದಲ್ಲೇ ಸಿಕ್ಕಿಬಿದ್ದರೆ ತದ್ವಿರುದ್ಧ: ಮುಖ ಆಕಾಶ ನೋಡುತ್ತದೆ, ಚೆಂಡು ತೇಲಿಕೊಂಡು ಹೊರಗೆ ಹೋಗುತ್ತದೆ.

ಬೆರಳುಗಳ ನಡುವೆ ಸ್ವಲ್ಪ ಜಾಗವಿರಲಿ, ಹೆಬ್ಬೆರಳು ಹಿಡಿಕೆಯ ಹಿಂದೆ ಓರೆಯಾಗಿ ಒರಗಿರಲಿ. ಬಿಗಿ ಬೇಡ. ಮೊದಲಿಂದಲೇ ಮುಷ್ಟಿ ಬಿಗಿಹಿಡಿದರೆ ಮಣಿಕಟ್ಟು ಸತ್ತಂತಾಗುತ್ತದೆ. ಈ ಹೊಡೆತದಲ್ಲಿರುವ ಅಲ್ಪಸ್ವಲ್ಪ ವೇಗಕ್ಕೂ ಅದು ಬೇಕು. ಚೆಂಡು ತಾಗುವ ಕ್ಷಣಕ್ಕೆ ಬಿಗಿಯಾದರೆ ಸಾಕು.

ಬ್ಯಾಡ್ಮಿಂಟನ್ ಆಡಿ ಬಂದವರಿಗೆ ಇಲ್ಲಿ ಒಂದು ಕಿವಿಮಾತು. ತಲೆಯ ಮೇಲಿನ ಬ್ಯಾಕ್‌ಹ್ಯಾಂಡ್ ನಿಮಗೆ ಹೊಸದಲ್ಲ, ಮೈ ತಿರುಗಿಸುವ ಅಭ್ಯಾಸವೂ ಇದೆ. ಆದರೆ ಶಟಲ್ 5 ಗ್ರಾಂ ಆಸುಪಾಸು, ಟೆನಿಸ್ ಚೆಂಡು 56ರಿಂದ 59.4 ಗ್ರಾಂ. ಬರೀ ಮಣಿಕಟ್ಟಿನ ಚಟಾರ್ ಎನ್ನುವ ಹೊಡೆತ ಇಲ್ಲಿ ನಡೆಯದು. ಮೊಣಕೈಯೂ ಭುಜವೂ ಜತೆಗೂಡಬೇಕು.

ಮೈ ತಿರುಗಿಸುವುದು. ಲಾಬ್ ಎಡಕ್ಕೆ ಬರುತ್ತಿದೆ ಎಂದು ಕಂಡ ಕೂಡಲೇ ಎಡಪಾದ ಹೊರಳಿಸಿ, ಬಲಗಾಲನ್ನು ಅದರ ಮುಂದಿನಿಂದ ಅಡ್ಡ ಹಾಕಿ, ಓರೆಯಾಗಿ ಹಿಂದೆ ಸರಿಯಿರಿ. ಎದುರಾಳಿಗೆ ನಿಮ್ಮ ಬೆನ್ನಿನ ಒಂದು ಭಾಗ ಕಾಣುವಷ್ಟು ತಿರುಗಿರಬೇಕು. ನೆಟ್ ನೋಡುತ್ತ ಹಿಂದೆ ಹಿಂದೆ ಓಡಿದರೆ ಚೆಂಡೂ ಸಿಗದು, ಬೀಳುವ ಅಪಾಯ ಬೇರೆ. ತಿರುಗುವಾಗ ಎಡಗೈ ರಾಕೆಟ್ಟಿನ ಕುತ್ತಿಗೆ ಬಿಡಬಾರದು. ಎರಡು ಕೈಯ ಬ್ಯಾಕ್‌ಹ್ಯಾಂಡ್ ಆಡುವವರೂ ಇಷ್ಟರ ಮಟ್ಟಿಗೆ ಎಡಗೈ ಬಳಸಿ ನಂತರ ಬಿಟ್ಟುಬಿಡಬೇಕು. ಎರಡೂ ಕೈ ಹಿಡಿದರೆ ಅಷ್ಟೆತ್ತರಕ್ಕೆ ಎಟುಕುವುದಿಲ್ಲ.

ಈಗ ಮೊಣಕೈ. ಇಡೀ ಹೊಡೆತದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಮೊಣಕೈ ಎತ್ತರದಲ್ಲಿ, ಬರುವ ಚೆಂಡಿನತ್ತ ಮುಖಮಾಡಿ ನಿಲ್ಲಬೇಕು. ರಾಕೆಟ್ಟಿನ ತಲೆ ಕೈಗಿಂತ ಕೆಳಗೆ ಇಳಿದಿರಬೇಕು. ಅಲ್ಲಿಂದ ಮೊಣಕೈ ಬಿಚ್ಚಿಕೊಳ್ಳುತ್ತದೆ, ಮುಂಗೈ ಹೊರಕ್ಕೆ ಹೊರಳುತ್ತದೆ, ಕೊನೆಗೆ ಮಣಿಕಟ್ಟು ಚಿಮ್ಮುತ್ತದೆ. ಒದ್ದೆ ಟವೆಲನ್ನು ತಲೆಯ ಮೇಲೆ ಹಿಂಗೈಯಲ್ಲಿ ಕೊಡವಿದ ಹಾಗೆ. ಮೊಣಕೈ ಕೆಳಗಿದ್ದರೆ ಇವ್ಯಾವುದೂ ಆಗದೆ ಚೆಂಡನ್ನು ಬರೀ ತಳ್ಳುತ್ತೇವೆ.

ಚೆಂಡು ತಾಗಬೇಕಾದದ್ದು ಕೈ ಪೂರ್ತಿ ಚಾಚಿದ ಎತ್ತರದಲ್ಲಿ, ಬಲಭುಜಕ್ಕಿಂತ ತುಸು ಮುಂದೆ. ಗದ್ದ ಮೇಲಿರಲಿ. ಎಡಗೈ ಹಿಂದಕ್ಕೆ ಚಾಚಿದರೆ ಎದೆ ಬೇಗ ತೆರೆದುಕೊಳ್ಳದೆ ಸಮತೋಲ ಉಳಿಯುತ್ತದೆ. ಹೊಡೆದ ಮೇಲೆ ಉದ್ದನೆಯ ಫಾಲೋ ಥ್ರೂ (ರಾಕೆಟ್ಟಿನ ಮುಂದುವರಿದ ಬೀಸು) ಇಲ್ಲ.

ಗುರಿ. ರಾಕೆಟ್ ಸಹಜವಾಗಿ ಎಡದಿಂದ ಬಲಕ್ಕೆ ಬೀಸುವುದರಿಂದ ಸುಲಭದ ದಾರಿ ನಮ್ಮ ಬಲಕ್ಕೆ, ಅಡ್ಡಕೋನದಲ್ಲಿ. ಎಡಬದಿಯಿಂದ ಹಾಗೆ ಆಡಿದಾಗ ಚೆಂಡು ನೆಟ್‌ನ ನಡುಭಾಗದ ಆಸುಪಾಸು ದಾಟುತ್ತದೆ. ಅಲ್ಲಿ ಎತ್ತರ 0.914 ಮೀಟರ್, ಕಂಬಗಳ ಬಳಿ 1.07. ನೆಟ್ ಹತ್ತಿರವಿದ್ದರೆ ಸರ್ವಿಸ್ ಗೆರೆಗಿಂತ ಈಚೆಗೇ ಬಿದ್ದು ಪಕ್ಕದ ಗೆರೆ ದಾಟಿಹೋಗುವಂತೆ ಆಡಿ. ಸರ್ವಿಸ್ ಗೆರೆಯ ಹಿಂದೆ ಸಿಕ್ಕಿಕೊಂಡರೆ ಕೋನದ ಆಸೆ ಬೇಡ, ಆಳಕ್ಕೆ ಹಾಕಿ ಮತ್ತೆ ಮುಂದೆ ಬನ್ನಿ. ಚೆಂಡು ಪದೇ ಪದೇ ಎಡಕ್ಕೆ ಹೋಗುತ್ತಿದ್ದರೆ ತಡವಾಗಿ ಹೊಡೆಯುತ್ತಿದ್ದೀರಿ ಎಂದರ್ಥ. ರೋಜರ್ ಫೆಡರರ್ ಈ ಹೊಡೆತದಲ್ಲೇ ಪಾಯಿಂಟ್ ಮುಗಿಸುತ್ತಿದ್ದುದನ್ನು ನೋಡಿ ಮರುಳಾಗುವುದು ಸುಲಭ. ನಮಗೆ ಎದುರಾಳಿಯನ್ನು ಕೋರ್ಟಿನಿಂದ ಹೊರಗೆಳೆದರೆ ಸಾಕು, ಮುಂದಿನ ವಾಲಿ ಇದ್ದೇ ಇದೆ.

ಡಬಲ್ಸ್‌ನಲ್ಲಿ ಬಲಬದಿಯವರ ಎಡಭುಜದ ಮೇಲಿನ ಲಾಬ್ ನಡುವಿಗೆ ಬರುತ್ತದೆ. ಜೊತೆಗಾರ ಬಲಗೈಯವನಾದರೆ ಅವನಿಗದು ಫೋರ್‌ಹ್ಯಾಂಡ್, ಬಿಟ್ಟುಕೊಡಿ. ಎಡಬದಿಯಲ್ಲಿ ನಿಂತವರಿಗೆ ಮಾತ್ರ ಈ ಹೊಡೆತ ತಪ್ಪಿದ್ದಲ್ಲ.

ಅಭ್ಯಾಸಕ್ಕೆ ನೆಟ್ ಹತ್ತಿರ ಮೊದಲೇ ಪಕ್ಕಕ್ಕೆ ತಿರುಗಿ ನಿಂತು, ಜೊತೆಗಾರನಿಂದ ಚೆಂಡನ್ನು ಕೈಯಲ್ಲೇ ಎಸೆಸಿಕೊಳ್ಳಿ. ಶುರುವಿನಲ್ಲಿ ಹಿಡಿಕೆಯ ಮೇಲ್ಭಾಗ ಹಿಡಿದರೆ ರಾಕೆಟ್ ಹಗುರವೆನಿಸುತ್ತದೆ. ಕೋನ ಕೈಗೆ ಹತ್ತಿದ ಮೇಲಷ್ಟೇ ಹಿಂದೆ ಸರಿಯುತ್ತ ಆಡಿ. ಭುಜದ ಹಿಂಭಾಗ ದಣಿದರೆ ಅಂದಿಗೆ ನಿಲ್ಲಿಸಿ. ಬಿಡುವಿನಲ್ಲಿ ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು, ರಬ್ಬರ್ ಪಟ್ಟಿಯನ್ನು ಹೊರಕ್ಕೆ ನಿಧಾನವಾಗಿ ಎಳೆಯುವ ವ್ಯಾಯಾಮ ಆ ಸಣ್ಣ ಸ್ನಾಯುಗಳಿಗೆ ಒಳ್ಳೆಯದು.