ಹಳೆಯ ಸ್ಪೋರ್ಟ್ಸ್ ಕಾರಿನ ಮೈಲೇಜ್ ಬಿದ್ದಿದೆ: ತಪ್ಪು ಕಾರಿನದೋ, ಊರಿನದೋ?

ಪ್ರಶ್ನೆ: ನನ್ನ ಬಳಿ 2004ರ ಬಿಎಂಡಬ್ಲ್ಯು ಝಡ್4 ಇದೆ. 3 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರ್. 2022ರ ಕೊನೆಯಲ್ಲಿ ಕೊಂಡಾಗ ಲೀಟರಿಗೆ 8 ಕಿ.ಮೀ. ಕೊಡುತ್ತಿತ್ತು, ಈಗ 6.2ಕ್ಕೆ ಇಳಿದಿದೆ. ವಾರಕ್ಕೆ ಎರಡು ದಿನ ಜೆ.ಪಿ. ನಗರದಿಂದ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿ ಬರುತ್ತೇನೆ. ಉಳಿದ ದಿನ ಬೇಸ್‌ಮೆಂಟಿನಲ್ಲಿ ನಿಂತಿರುತ್ತದೆ. ಹಂಪ್‌ಗಳಿಗೆ ಅಡಿ ತಾಗುತ್ತಿತ್ತೆಂದು ಕಳೆದ ವರ್ಷ 225/45 ಆರ್17 ಟೈರ್ ತೆಗೆಸಿ 225/50 ಆರ್17 ಹಾಕಿಸಿದೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಗ್ಯಾರೇಜಿನವರು ನಾಲ್ಕೂ ಆಕ್ಸಿಜನ್ ಸೆನ್ಸರ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ ಅನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ಈಗಲೇ ಬೇಡ. 8ರಿಂದ 6.2ಕ್ಕೆ ಇಳಿದದ್ದರಲ್ಲಿ ಕಾರಿನ ಪಾಲು ಎಷ್ಟು ಎಂದು ಮೊದಲು ತಿಳಿಯಬೇಕು. ಅದು ಗೊತ್ತಾಗದೆ ಪಾರ್ಟ್ಸ್ ಬದಲಿಸುತ್ತ ಹೋದರೆ ಹಣ ಖಾಲಿಯಾಗುತ್ತದೆ, ಮೈಲೇಜ್ ಅಲ್ಲೇ ಇರುತ್ತದೆ. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ, ಆ ಕಥೆ ಮುಂದೆ ಬರುತ್ತದೆ.

ನಿಮ್ಮ ಪತ್ರದಲ್ಲಿ ಒಂದು ಉತ್ತರ ಆಗಲೇ ಇದೆ. 225/45 ಆರ್17 ಟೈರಿನ ವ್ಯಾಸ ಸುಮಾರು 634 ಮಿ.ಮೀ., 225/50 ಆರ್17ರದ್ದು 657. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರ್ ಹಳೆಯ ಲೆಕ್ಕದಲ್ಲೇ ಎಣಿಸುತ್ತದೆ. ಅಂದರೆ ನಿಮ್ಮ ಕಾರು 100 ಕಿ.ಮೀ. ಎಂದು ತೋರಿಸಿದಾಗ ನೀವು ನಿಜಕ್ಕೂ 103.5 ಕಿ.ಮೀ. ಓಡಿಸಿರುತ್ತೀರಿ. ಹಾಗಾಗಿ ನಿಮ್ಮ 6.2 ವಾಸ್ತವದಲ್ಲಿ 6.4. ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಅಷ್ಟೇ ಕಡಿಮೆ ತೋರಿಸುತ್ತಿರುತ್ತದೆ, ಕ್ಯಾಮೆರಾ ಇರುವ ರಸ್ತೆಗಳಲ್ಲಿ ಅದು ನೆನಪಿರಲಿ.

ಇನ್ನು ಪೆಟ್ರೋಲು. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ನೀವು ಕಾರು ಕೊಂಡ ಹೊತ್ತಿಗೆ ಬಂಕ್‌ಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಶೇ 10 ಎಥನಾಲ್ ಇದ್ದ ಪೆಟ್ರೋಲು, ಈಗ ಶೇ 20. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಆ ಲೆಕ್ಕದಲ್ಲಿ ಹೆಚ್ಚುವರಿ ಶೇ 10 ಎಥನಾಲಿಗೆ ಮೈಲೇಜ್ ಶೇ 3–3.5ರಷ್ಟು ಇಳಿಯಬೇಕು. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಶೇ 6–7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಅದನ್ನು ಪೂರ್ತಿ ಹಿಡಿದರೂ ನಿಮ್ಮ 8 ಕಿ.ಮೀ. 7.5ರಲ್ಲಿ ನಿಲ್ಲಬೇಕು. ಎಲ್ಲ ತಪ್ಪನ್ನೂ ಇ20 ತಲೆಗೆ ಕಟ್ಟುವವರು ಈ ಲೆಕ್ಕ ಮಾಡಿ ನೋಡುವುದಿಲ್ಲ.

ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಮೈಲೇಜ್ ಇಲ್ಲ ಎಂದು ಕೆಲವರು ಹೇಳುತ್ತಾರೆ. ಎತ್ತರದಿಂದ ಪಿಕಪ್ ಸ್ವಲ್ಪ ಕಡಿಮೆಯಾಗುತ್ತದೆ, ಮೈಲೇಜ್ ಬೀಳುವುದಿಲ್ಲ. ಅಲ್ಲದೆ 2022ರಲ್ಲೂ ಊರು ಇಷ್ಟೇ ಎತ್ತರದಲ್ಲಿತ್ತು.

ಉಳಿದದ್ದು ಟ್ರಾಫಿಕ್. 3 ಲೀಟರಿನ ಎಂಜಿನ್ ನಿಂತಲ್ಲೇ ಉರಿದರೆ ಗಂಟೆಗೆ ಒಂದು ಲೀಟರಿನ ಆಚೀಚೆ ಕುಡಿಯುತ್ತದೆ, ಎಸಿ ಹಾಕಿದರೆ ಇನ್ನೂ ಹೆಚ್ಚು. ನಿಮ್ಮ ಒಂದು ಬದಿಯ ಓಟ 20 ಕಿ.ಮೀ. ಎಂದಿಟ್ಟುಕೊಳ್ಳಿ. ಇ20ಯ ಎರಡು ಅಂದಾಜುಗಳ ನಡುವೆ ಬರುವ 7.6ರ ಲೆಕ್ಕದಲ್ಲಿ ಅದಕ್ಕೆ 2.6 ಲೀಟರ್ ಬೇಕು. ಹೆಬ್ಬಾಳದಲ್ಲೋ ಮೇಖ್ರಿ ಸರ್ಕಲ್‌ನಲ್ಲೋ ಮೊದಲಿಗಿಂತ 20 ನಿಮಿಷ ಹೆಚ್ಚು ನಿಂತರೆ ಅದಕ್ಕೆ ಮೂರನೇ ಒಂದು ಲೀಟರ್ ಸೇರಿ ಮೈಲೇಜ್ 6.8ಕ್ಕೆ ಬರುತ್ತದೆ. ಕಾರಿನಲ್ಲಿ ಒಂದು ಸ್ಕ್ರೂ ಕೂಡ ಕೆಟ್ಟಿರಬೇಕಿಲ್ಲ.

ಆದರೆ ಹೀಗೆ ಊಹಿಸುತ್ತ ಕೂರುವುದಕ್ಕಿಂತ ಟ್ರಾಫಿಕ್ಕನ್ನೇ ಲೆಕ್ಕದಿಂದ ತೆಗೆದುಬಿಡಿ. ಶನಿವಾರ ರಾತ್ರಿ ಟೈರುಗಳಿಗೆ ಸರಿಯಾಗಿ ಗಾಳಿ ಹಿಡಿಸಿ. ಭಾನುವಾರ ಬೆಳಗ್ಗೆ ಐದೂವರೆಗೆ ಹೆಬ್ಬಾಳದ ಹತ್ತಿರದ ಒಂದು ಬಂಕಿನಲ್ಲಿ ಪೈಪು ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ. ರೌಂಡ್ ಫಿಗರ್ ಮಾಡಲೆಂದು ಮೇಲೆ ಹಾಕಿಸಬೇಡಿ. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ದಾಟಿ 50 ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ವೇಗ 80, ಟಾಪ್ ಗೇರ್. ಬೆಟ್ಟ ಹತ್ತಬೇಡಿ, ನಂದಿಯ ತಿರುವುಗಳು ಎಷ್ಟೇ ಕರೆದರೂ ಅವತ್ತು ಬೇಡ. ಅದೇ ಬಂಕ್, ಅದೇ ಮೆಷಿನ್, ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ ಭಾಗಿಸಿ ನೋಡಿ. ಕಾರು ಆರೋಗ್ಯವಾಗಿದ್ದರೆ 10 ದಾಟಬೇಕು. ದಾಟಿದರೆ ನಿಮ್ಮ ಕಾರಿಗೆ ರೋಗವಿಲ್ಲ, ಆಕ್ಸಿಜನ್ ಸೆನ್ಸರಿನ ಮಾತು ಅಲ್ಲಿಗೆ ಬಿಡಿ. ಎಂಟೋ ಒಂಬತ್ತೋ ಬಂದರೆ ಮುಂದೆ ಓದಿ.

ಆ ಓಟಕ್ಕೆ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ ಚುಚ್ಚಿಕೊಂಡು, ಪಕ್ಕದಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಹೋಗಿ. ಅವರು ಮೊದಲು ನೋಡಬೇಕಾದದ್ದು ಕೂಲಂಟ್ ಉಷ್ಣಾಂಶ. ನನ್ನ ಹಳೆಯ ಕಾರಿನಲ್ಲಿ, ಅದು ಬೇರೆ ಕಂಪನಿಯದು, ಇದೇ ಕಥೆಯಾಗಿತ್ತು. ಪ್ಲಗ್ ಹೊಸದು, ಸೆನ್ಸರ್ ಹೊಸದು, ಮೈಲೇಜ್ ಮಾತ್ರ ಹಳೆಯದು. ಒಂದು ಬೆಳಗ್ಗೆ ನನ್ನ ತಮ್ಮ ಪಕ್ಕದಲ್ಲಿ ಕೂತು ಫೋನ್ ನೋಡುತ್ತ ಅಂಕಿಗಳನ್ನು ಓದುತ್ತಿದ್ದ. ಹೆಬ್ಬಾಳದ ಸಿಗ್ನಲ್ಲಿನಲ್ಲಿ 89. ಫ್ಲೈಓವರ್ ಇಳಿದು ವೇಗ ಹಿಡಿದ ಮೇಲೆ 84. ಯಲಹಂಕ ದಾಟುವಾಗ, ‘ಅಣ್ಣಾ, 76 ಆಯ್ತು, ಇನ್ನೂ ಇಳೀತಿದೆ’ ಅಂದ. ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಮತ್ತೆ ಏರತೊಡಗಿತು. ಡ್ಯಾಶ್‌ಬೋರ್ಡಿನ ಮುಳ್ಳು ಇಷ್ಟೂ ಹೊತ್ತು ನಟ್ಟನಡುವೆ ಅಲ್ಲಾಡದೆ ನಿಂತಿತ್ತು. ಆ ಕಾಲದ ಹಲವು ಕಾರುಗಳಲ್ಲಿ ಮುಳ್ಳನ್ನು ಹಾಗೆ ನಿಲ್ಲುವಂತೆಯೇ ಹೊಂದಿಸಿರುತ್ತಾರೆ, ಅದನ್ನು ನಂಬಬೇಡಿ.

ಕೂಲಂಟ್ ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡರೆ ಹೀಗಾಗುತ್ತದೆ. ನಿಂತಾಗ ಎಂಜಿನ್ ಬಿಸಿ, ಓಡಿದಾಗ ರೇಡಿಯೇಟರಿಗೆ ಬಡಿಯುವ ಗಾಳಿಗೆ ತಣ್ಣಗೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕೊಡುತ್ತದೆ, ಆಯಿಲ್ ದಪ್ಪಗಿರುವುದರಿಂದ ಒಳಗಿನ ಘರ್ಷಣೆಯೂ ಹೆಚ್ಚು. ನಿಮ್ಮ ಕಾರಿನ ಎಂ54 ಎಂಜಿನ್ನಿನ ಥರ್ಮೋಸ್ಟಾಟ್ 97 ಡಿಗ್ರಿಯದು. 80 ಕಿ.ಮೀ. ವೇಗದಲ್ಲಿ 76, 78 ಡಿಗ್ರಿ ಎಂದು ಕಂಡರೆ ಬೇರೇನನ್ನೂ ಹುಡುಕುವ ಮೊದಲು ಅದನ್ನು ಬದಲಿಸಿ.

ಎರಡನೆಯದು ಫ್ಯುಯೆಲ್ ಟ್ರಿಮ್. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಎಂಬುದನ್ನು ಇದು ಶೇಕಡಾದಲ್ಲಿ ತೋರಿಸುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಮುಂದಿನ ಮೂರು ಸಿಲಿಂಡರಿಗೆ ಒಂದು, ಹಿಂದಿನ ಮೂರಕ್ಕೆ ಒಂದು, ಹೀಗೆ ಎರಡು ಅಂಕಿ ಬರುತ್ತವೆ. ಇದು ದೊಡ್ಡ ಅನುಕೂಲ. ಎರಡೂ ಕಡೆ ಪ್ಲಸ್ 5ರಿಂದ 8 ಇದ್ದರೆ ಗಾಬರಿ ಬೇಡ, ಇ20 ಹಾಕಿದ ಹಳೆಯ ಕಾರು ಅಷ್ಟು ತೋರಿಸುವುದು ಸಹಜ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಐಡ್ಲಿಂಗಿನಲ್ಲಿ ಪ್ಲಸ್ 15, 2,500 ಆರ್‌ಪಿಎಂನಲ್ಲಿ ಸರಿಹೋಯಿತು ಎಂದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ. ಏರ್‌ಫ್ಲೋ ಸೆನ್ಸರಿನಿಂದ ಥ್ರಾಟಲ್‌ವರೆಗಿನ ರಬ್ಬರ್ ಬೂಟನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಮಡಿಕೆಗಳ ಒಳಗೆ ಅಡಗಿರುತ್ತದೆ. ಇದರಿಂದ ಐಡ್ಲಿಂಗ್ ಕೆಡುತ್ತದೆ, ಆದರೆ ಮೈಲೇಜ್ ಇಷ್ಟು ಬೀಳಲು ಇದೊಂದೇ ಸಾಕಾಗದು.

ಒಂದೇ ಬದಿ ಪ್ಲಸ್ ಏರಿದ್ದರೆ ಮಾತ್ರ ಆ ಬದಿಯಲ್ಲಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು ಬರುವ ಆಕ್ಸಿಜನ್ ಸೆನ್ಸರನ್ನು ಅನುಮಾನಿಸಿ. ಅದಕ್ಕೂ ಮೊದಲು ಎಂಜಿನ್ನಿಗೂ ಆ ಸೆನ್ಸರಿಗೂ ನಡುವಿನ ಎಕ್ಸಾಸ್ಟ್ ಜಾಯಿಂಟ್ ನೋಡಿಸಿ. ಅಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ಒಳಸೇರುತ್ತದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಸೆನ್ಸರ್ ತಪ್ಪು ತಿಳಿಯುತ್ತದೆ, ಕಂಪ್ಯೂಟರ್ ಸುಮ್ಮನೆ ಸುರಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗಿರುವ ಎರಡು ಸೆನ್ಸರುಗಳು ಮುಖ್ಯವಾಗಿ ಕನ್ವರ್ಟರನ್ನು ಕಾಯುವವು. ನಾಲ್ಕನ್ನೂ ಒಟ್ಟಿಗೆ ಬದಲಿಸಿ ಎಂಬ ಸಲಹೆ ನನಗೆ ಒಪ್ಪಿಗೆಯಾಗದಿರಲು ಇದೂ ಒಂದು ಕಾರಣ. ಟ್ರಿಮ್ ಎರಡೂ ಕಡೆ ಮೈನಸ್ 10 ದಾಟಿದ್ದರೆ ಆಗ ಇಂಜೆಕ್ಟರ್ ಸೋರಿಕೆ, ಫ್ಯುಯೆಲ್ ಪ್ರೆಷರ್ ಕಡೆ ತಿರುಗಿ. ಪ್ಲಗ್ ಬಿಚ್ಚಿಸಿದರೆ ಸಾಕ್ಷಿ ಸಿಗುತ್ತದೆ: ಆರೂ ಒಣ ಮಸಿಯಿಂದ ಕಪ್ಪಾಗಿದ್ದರೆ ಇಡೀ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಅಥವಾ ಕಾಯಿಲ್. ಹಳೆಯ ಎಮಿಷನ್ ಟೆಸ್ಟ್ ಚೀಟಿಗಳಿದ್ದರೆ ಹುಡುಕಿ ತೆಗೆಯಿರಿ. ಸಿಒ (ಕಾರ್ಬನ್ ಮಾನಾಕ್ಸೈಡ್) ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದ್ದರೆ ಅದೂ ಇದನ್ನೇ ಹೇಳುತ್ತದೆ.

ಬೇಸ್‌ಮೆಂಟಿನಲ್ಲಿ ವಾರದಲ್ಲಿ ಐದು ದಿನ ನಿಲ್ಲುವ ಕಾರಿಗೆ ಇನ್ನೊಂದು ಕಾಯಿಲೆ ಅಂಟುತ್ತದೆ, ಬ್ರೇಕ್ ಹಿಡಿದುಕೊಳ್ಳುವುದು. ಮಳೆಯಲ್ಲಿ ಒದ್ದೆಯಾಗಿ ಬಂದು ಹಾಗೇ ನಿಂತರೆ ಕ್ಯಾಲಿಪರ್ ಪಿನ್ ತುಕ್ಕು ಹಿಡಿಯುತ್ತದೆ. ಭಾನುವಾರದ ಓಟದ ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿ, ಇಳಿದು ನಾಲ್ಕೂ ಚಕ್ರಗಳ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಎಡಬಲ ಹೋಲಿಸಿದಾಗ ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಕಳ್ಳ ಸಿಕ್ಕಿದ. ಮನೆಗೆ ಬಂದು ಕಾರು ತಣಿದ ಮೇಲೆ, ಸಮತಟ್ಟಾದ ನೆಲದಲ್ಲಿ ನ್ಯೂಟ್ರಲ್ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟು ಒಬ್ಬರೇ ತಳ್ಳಿ ನೋಡಿ. ಒಮ್ಮೆ ಅಲುಗಿದ ಮೇಲೆ ತಾನೇ ಉರುಳಬೇಕು.

ಗ್ಯಾರೇಜಿಗೆ ಹೋಗುವಾಗ ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಹೆದ್ದಾರಿಯ ಮೈಲೇಜ್, 80ರಲ್ಲಿ ಕೂಲಂಟ್ ಎಷ್ಟು, ಐಡ್ಲಿಂಗಿನಲ್ಲೂ 2,500ರಲ್ಲೂ ಎರಡು ಬದಿಯ ಟ್ರಿಮ್ ಎಷ್ಟು. ‘ಮೈಲೇಜ್ ಕಡಿಮೆ, ನೋಡಿ’ ಅಂದರೆ ಮೆಕ್ಯಾನಿಕ್ ಕೂಡ ಊಹೆ ಮಾಡಬೇಕಾಗುತ್ತದೆ. ‘80ರಲ್ಲಿ ಕೂಲಂಟ್ 76ಕ್ಕೆ ಇಳಿಯುತ್ತಿದೆ’ ಅಂದರೆ ಅವರು ನೇರ ಥರ್ಮೋಸ್ಟಾಟಿಗೇ ಕೈ ಹಾಕುತ್ತಾರೆ. ಜೊತೆಗೆ, ಹೋದವರು ಪೆಟ್ರೋಲ್ ಪೈಪುಗಳ ರಬ್ಬರನ್ನೂ ಒಮ್ಮೆ ನೋಡಿಸಿ ಬನ್ನಿ. ಇಪ್ಪತ್ತು ವರ್ಷದ ರಬ್ಬರಿಗೆ ಎಥನಾಲ್ ಒಳ್ಳೆಯದಲ್ಲ, ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಮೈಲೇಜಿನ ಲೆಕ್ಕ ಆಮೇಲೆ, ಪೈಪು ಅವತ್ತೇ ಬದಲಾಗಬೇಕು.