ಹಸಿರು ಪೂರೈಕೆ ಸರಪಳಿ: ಹಾಗಂದರೇನು?

ಮನೆಗೆ ಬಂದ ಒಂದು ಪಾರ್ಸೆಲ್ ಬಿಚ್ಚಿ ನೋಡಿ. ಒಳಗೆ ಅಂಗೈಯಷ್ಟು ವಸ್ತು, ಸುತ್ತಲೂ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಅಂದರೆ ಅದನ್ನು ತಂದ ಲಾರಿ ಅಷ್ಟು ದೂರ ಗಾಳಿ ಹೊತ್ತುಕೊಂಡು ಬಂದಿದೆ, ಅದಕ್ಕೂ ಡೀಸೆಲ್ ಸುಟ್ಟಿದೆ. ಪೆಟ್ಟಿಗೆಯನ್ನು ವಸ್ತುವಿನ ಅಳತೆಗೆ ಇಳಿಸಿದರೆ ಅದೇ ಲಾರಿಯಲ್ಲಿ ಜಾಸ್ತಿ ಪೆಟ್ಟಿಗೆ ಹಿಡಿಯುತ್ತವೆ. ರಟ್ಟು ಉಳಿಯುತ್ತದೆ, ಟ್ರಿಪ್ ಉಳಿಯುತ್ತದೆ, ಹೊಗೆಯೂ ತಗ್ಗುತ್ತದೆ.

ಕಚ್ಚಾ ಮಾಲು ಹುಟ್ಟುವ ಜಾಗದಿಂದ ಗಿರಾಕಿಯ ಕೈವರೆಗಿನ ದಾರಿಯೇ ಪೂರೈಕೆ ಸರಪಳಿ. ಆ ದಾರಿಯುದ್ದಕ್ಕೂ ನೀರು, ಇಂಧನ, ಕಸ, ಹೊಗೆಯ ಲೆಕ್ಕ ಇಟ್ಟು, ಅವನ್ನು ಇಳಿಸುತ್ತಾ ಹೋದರೆ ಅದು ಹಸಿರು ಸರಪಳಿ. ಬಳಸಿ ಬಿಟ್ಟ ವಸ್ತುವನ್ನು ವಾಪಸ್ ತಂದು ಮತ್ತೆ ಕೆಲಸಕ್ಕೆ ಹಚ್ಚುವುದೂ ಇದರಲ್ಲಿ ಸೇರಿದೆ.

ಕಂಪನಿಯವರು 'ಸ್ಕೋಪ್ 3' ಅನ್ನುವುದನ್ನು ನೀವು ಕೇಳಿರಬಹುದು. ಹೊಗೆಯ ಲೆಕ್ಕವನ್ನು ಮೂರು ಭಾಗ ಮಾಡಿ, ಒಂದೊಂದನ್ನೂ ಸ್ಕೋಪ್ ಅನ್ನುತ್ತಾರೆ. ಕಂಪನಿಯ ಸ್ವಂತ ಕಾರ್ಖಾನೆ, ವಾಹನಗಳ ಹೊಗೆ ಸ್ಕೋಪ್ 1. ಕೊಂಡ ವಿದ್ಯುತ್ತಿನದು ಸ್ಕೋಪ್ 2. ಮಾಲು ಕೊಡುವವರು, ಸಾಗಿಸುವವರು, ಬಳಸುವವರು ಇವರೆಲ್ಲರಿಂದ ಆಗುವುದು ಸ್ಕೋಪ್ 3. ಇದನ್ನು ಅಳೆಯುವ ಜಾಗತಿಕ ಮಾನದಂಡ ಬಂದದ್ದು 2011ರಲ್ಲಿ. ಬಹಳಷ್ಟು ಕಂಪನಿಗಳಲ್ಲಿ ದೊಡ್ಡ ಪಾಲು ಇದರದ್ದೇ. ಹಾಗಾಗಿ ಕಾರ್ಖಾನೆಯ ಮಾಳಿಗೆ ಮೇಲೆ ಸೋಲಾರ್ ಹಾಕಿ ಸುಮ್ನೆ ಕೂತರೆ ಸಾಲದು.

ಸರಿ, ಇದರಿಂದ ಕಂಪನಿಗೆ ಲಾಭ ಇದೆಯಾ? ಪೋಲು ನಿಂತ ಕಡೆ ಖಂಡಿತ ಇದೆ. ಅಮೆರಿಕದ ತ್ರೀಎಂ ಕಂಪನಿ 1975ರಲ್ಲೇ 'ಮಾಲಿನ್ಯ ತಡೆದರೆ ಲಾಭ' ಎಂಬ ಯೋಜನೆ ಶುರು ಮಾಡಿತ್ತು. ಕಸ ಅಂದರೆ ದುಡ್ಡು ಕೊಟ್ಟು ಕೊಂಡ ಮಾಲೇ ಅಲ್ವಾ? ಆದರೆ ಹಸಿರು ಕಂಪನಿಗಳ ಲಾಭ ಹೆಚ್ಚಿದ್ದ ಮಾತ್ರಕ್ಕೆ ಅದು ಹಸಿರಿನಿಂದಲೇ ಬಂತು ಅನ್ನಲಾಗದು. ಕೈಯಲ್ಲಿ ಕಾಸಿರುವ ಕಂಪನಿಯೇ ಇಂಥದ್ದಕ್ಕೆ ಖರ್ಚು ಮಾಡಿರಲೂಬಹುದು. ಮೇಲಾಗಿ ಹೊಸ ಯಂತ್ರದ ಖರ್ಚು ಇವತ್ತೇ ಬೀಳುತ್ತದೆ, ಉಳಿತಾಯ ಕೈಸೇರಲು ವರ್ಷಗಳೇ ಬೇಕು.

ನನಗೆ ಮುಖ್ಯ ಅನಿಸುವುದು ಆ ಖರ್ಚು ಯಾರ ತಲೆಗೆ ಬೀಳುತ್ತದೆ ಅನ್ನುವುದು. ದೊಡ್ಡ ಕಂಪನಿ ಸರ್ಟಿಫಿಕೇಟ್ ಕೇಳುತ್ತದೆ, ಆಡಿಟ್ ಮಾಡಿಸು ಅನ್ನುತ್ತದೆ, ಮಾಲಿನ ರೇಟು ಮಾತ್ರ ಹಳೆಯದೇ. ಬಟ್ಟೆಗೆ ಬಣ್ಣ ಹಾಕುವ ಚಿಕ್ಕ ಘಟಕವೊಂದು ಕೊಳೆನೀರು ಶುದ್ಧ ಮಾಡುವ ಯಂತ್ರಕ್ಕೆ ಸಾಲ ಮಾಡಬೇಕು. ಮುಂದಿನ ವರ್ಷ ಆರ್ಡರ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಯಾರು ಸಾಲಕ್ಕೆ ಕೈ ಹಾಕುತ್ತಾರೆ? ಕೊಳ್ಳುವವರು ನಾಲ್ಕೈದು ವರ್ಷದ ಒಪ್ಪಂದ ಮಾಡಿಕೊಂಡು, ಯಂತ್ರದ ಖರ್ಚಿನಲ್ಲೂ ಪಾಲು ಹಾಕಿದರೆ ಆ ಘಟಕದವರು ಧೈರ್ಯವಾಗಿ ಸಾಲ ಮಾಡಬಹುದು.