ಅರ್ಧ ಲೀಟರ್ ರಕ್ತದ ಲೆಕ್ಕ: ಬೆಳಗಾವಿಯ ಪ್ಲಾಸ್ಟಿಕ್ ಚೀಲ ಸುತ್ತಿ ಬಂದ ದಾರಿ

ಈಗ್ಗೆ ಎರಡು ದಶಕಗಳ ಹಿಂದೆ ಬೆಳಗಾವಿಯಲ್ಲಿ ಒಂದು ಸಣ್ಣ ಅಧ್ಯಯನ ನಡೆಯಿತು. ಹೆರಿಗೆಗೆ ಬಂದ 123 ಮಹಿಳೆಯರನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರಿಗೆ ಎಷ್ಟು ರಕ್ತ ಹೋಯಿತು ಎಂಬುದನ್ನು ಹೆರಿಗೆ ಮಾಡಿಸಿದವರು ಎಂದಿನಂತೆ ಕಣ್ಣಂದಾಜಿನಲ್ಲಿ ಬರೆದರು. ಇನ್ನೊಂದು ಗುಂಪಿನವರ ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ತುದಿಯಲ್ಲಿದ್ದ ಅಳತೆಗೆರೆಗಳ ಚೀಲಕ್ಕೆ ಇಳಿದ ರಕ್ತವನ್ನು ಓದಿ ಬರೆದರು. ಕಣ್ಣಿನ ಸರಾಸರಿ 203 ಮಿಲಿಲೀಟರ್, ಚೀಲದ ಸರಾಸರಿ 303. ಎರಡೂ ಗುಂಪಿನವರು ಒಂದೇ ಊರಿನ ಒಂದೇ ಬಗೆಯ ಬಾಣಂತಿಯರು. ಅಂದರೆ ಅನುಭವಿಗಳ ಕಣ್ಣಿಗೂ ಮೂರರಲ್ಲಿ ಒಂದು ಪಾಲು ರಕ್ತ ಕಂಡೇ ಇರಲಿಲ್ಲ.

ಕಾಣದಿರುವುದು ಸಹಜವೇ. ಒಂದಿಷ್ಟು ಬಟ್ಟೆ ಹೀರಿಕೊಳ್ಳುತ್ತದೆ, ಒಂದಿಷ್ಟು ಮಂಚದ ಅಂಚಿನಿಂದ ಬಕೆಟ್ಟಿಗೋ ನೆಲಕ್ಕೋ ಇಳಿಯುತ್ತದೆ, ಗರ್ಭದ ನೀರು ಮತ್ತು ಮೂತ್ರ ಬೆರೆತು ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತವೆ. ಅದೇ ಹೊತ್ತಿಗೆ ಮಗು ಅತ್ತಿತೇ, ಮಾಸು ಪೂರ್ತಿ ಬಿದ್ದಿತೇ ಎಂದು ನೋಡಬೇಕಾದವರೂ ಅವರೇ. ಪುಸ್ತಕದ ವ್ಯಾಖ್ಯೆಯಂತೂ ಸ್ಪಷ್ಟವಾಗಿತ್ತು: ಹೆರಿಗೆಯ ನಂತರ 24 ಗಂಟೆಯೊಳಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದು ಹೆರಿಗೆಯೋತ್ತರ ರಕ್ತಸ್ರಾವ. ಒಂದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ವ್ಯಾಖ್ಯೆ ಇದ್ದರೂ ಅಳತೆಗೋಲು ಇರಲಿಲ್ಲ. ಜಗತ್ತಿನಲ್ಲಿ ತಾಯಂದಿರ ಸಾವಿಗೆ ಮೊದಲ ಕಾರಣವೆಂದು ಎಲ್ಲರೂ ಒಪ್ಪಿದ್ದ ಸಮಸ್ಯೆಯ ಸ್ಥಿತಿ ಇದು.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದಾಗ ಆ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದೇ ಇರುತ್ತವೆ. ಅವುಗಳ ನಡುವೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಸ್ನಾಯುವಿನ ಎಳೆಗಳು ಬಿಗಿಯಾಗಿ ಕುಗ್ಗಿ ನಾಳಗಳನ್ನು ಹಿಸುಕಿ ಮುಚ್ಚಬೇಕು. ಗರ್ಭಕೋಶ ಸೋತು ಸಡಿಲವಾಗಿ ಉಳಿದರೆ ರಕ್ತ ನಿಲ್ಲುವುದಿಲ್ಲ. ಇಂಥ ರಕ್ತಸ್ರಾವದ ಹತ್ತು ಪ್ರಕರಣಗಳಲ್ಲಿ ಸುಮಾರು ಏಳಕ್ಕೆ ಕಾರಣ ಈ ಸಡಿಲತೆಯೇ. ಚಿಕಿತ್ಸೆ ಸಿಗದಿದ್ದರೆ ಆರಂಭದಿಂದ ಸಾವಿನವರೆಗೆ ಸರಾಸರಿ ಎರಡು ಗಂಟೆ ಎಂಬುದು ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಅಂದಾಜು. ಹೆಣ್ಣಿಗೆ ಹೆರಿಗೆ ಮರುಜನ್ಮ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಔಷಧಕ್ಕೆ ಕೊರತೆ ಇತ್ತೇ ಎಂದರೆ, ಇಲ್ಲ. ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂದು ಹೆನ್ರಿ ಡೇಲ್ ಕಂಡುಕೊಂಡದ್ದು 1906ರಲ್ಲಿ. ಧಾನ್ಯಕ್ಕೆ ತಗಲುವ ಎರ್ಗಟ್ ಶಿಲೀಂಧ್ರದಿಂದ ಎರ್ಗೊಮೆಟ್ರಿನ್ ಬೇರ್ಪಟ್ಟದ್ದು 1935ರಲ್ಲಿ. ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಆ ಸಾರದಲ್ಲಿ ಗರ್ಭಕೋಶವನ್ನು ಕುಗ್ಗಿಸುವ ಅಂಶವಾದ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು, ಎರಡು ವರ್ಷದಲ್ಲಿ ನೊಬೆಲ್ ಬಂತು. ಇಂದಿಗೂ ಈ ರಕ್ತಸ್ರಾವ ತಡೆಗೆ ಮೊದಲ ಆಯ್ಕೆ ಆಕ್ಸಿಟೋಸಿನ್ನೇ. ಆದರೆ ಅದಕ್ಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು, ಚುಚ್ಚಲು ತರಬೇತಾದ ಕೈ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಆರು ತಾಸು ಕರೆಂಟ್ ಹೋಗುವ ಉಪಕೇಂದ್ರದಲ್ಲಿ ಆ ಪುಟ್ಟ ಸೀಸೆಯೊಳಗಿನ ಔಷಧಕ್ಕೆ ಎಷ್ಟು ಶಕ್ತಿ ಉಳಿದಿರುತ್ತದೆ ಎಂದು ಬರಿಗಣ್ಣಿನಿಂದ ಹೇಳಲಾಗದು.

ಇದೇ ಆಕ್ಸಿಟೋಸಿನ್ ನಮ್ಮಲ್ಲಿ ಇನ್ನೊಂದು ವಿಚಿತ್ರ ತಿರುವನ್ನೂ ಕಂಡಿತು. ಹಾಲು ಬೇಗ ಸೊರೆಯಲೆಂದು ಹಸು ಎಮ್ಮೆಗಳಿಗೆ ಇದನ್ನು ಚುಚ್ಚುತ್ತಾರೆಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ದೇಶೀಯ ಬಳಕೆಗೆ ಇದನ್ನು ತಯಾರಿಸದಂತೆ ಖಾಸಗಿ ಕಂಪನಿಗಳನ್ನು ನಿಷೇಧಿಸಿತು. ಇಡೀ ದೇಶದ ಬಾಣಂತಿಯರಿಗೆ ಬೇಕಾದಷ್ಟನ್ನು ಬೆಂಗಳೂರಿನಲ್ಲಿರುವ ಸಾರ್ವಜನಿಕ ಉದ್ಯಮ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ತಯಾರಿಸಬೇಕೆಂಬುದು ಯೋಜನೆ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಗೊಳಿಸಿತು. ಕೊಟ್ಟಿಗೆಯ ದುರುಪಯೋಗ ತಡೆಯಲು ಹೆರಿಗೆ ಕೋಣೆಯ ಪೂರೈಕೆಯನ್ನೇ ಒಂದೇ ಕಾರ್ಖಾನೆಗೆ ಕಟ್ಟಿಹಾಕಲು ಹೊರಟದ್ದು ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಬೆಳಗಾವಿಗೆ ಮರಳೋಣ. ಜಠರದ ಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವೂ ಇತ್ತು. ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳ ಆಸ್ಪತ್ರೆಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2001ರಲ್ಲಿ ಬಂದಾಗ ಆಕ್ಸಿಟೋಸಿನ್ನೇ ಮೇಲು ಎಂದಾಯಿತು. ಸರಿ, ಆಕ್ಸಿಟೋಸಿನ್ ಸಿಗದ ಕಡೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡಕಣಿ, ಶಿವಪ್ರಸಾದ್ ಗೌಡರ್ ಮೊದಲಾದವರು ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ತಂಡ. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ಮಹಿಳೆಯರು ಇದರಲ್ಲಿ ಪಾಲ್ಗೊಂಡರು. ಹೆರಿಗೆ ಮಾಡಿಸಿದವರು ಎಎನ್‌ಎಂಗಳು, ಅಂದರೆ ಹಳ್ಳಿಗಳಲ್ಲಿ ‘ಸಿಸ್ಟರ್’ ಎಂದೇ ಕರೆಸಿಕೊಳ್ಳುವ ಕಿರಿಯ ಆರೋಗ್ಯ ಸಹಾಯಕಿಯರು. ಹೊಕ್ಕುಳಬಳ್ಳಿ ಕತ್ತರಿಸಿದ ಐದು ನಿಮಿಷದೊಳಗೆ ಅರ್ಧದಷ್ಟು ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಔಷಧರಹಿತ ಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ.

ಈ ಪ್ರಯೋಗಕ್ಕಾಗಿಯೇ ರೂಪುಗೊಂಡದ್ದು ಮೇಲೆ ಹೇಳಿದ ಪ್ಲಾಸ್ಟಿಕ್ ಹಾಳೆ. ಮನೆಯ ಚಾಪೆಯ ಮೇಲಾಗುವ ಹೆರಿಗೆಯಲ್ಲಿ ರಕ್ತವನ್ನು ಅಳೆಯದೆ ಯಾವ ಮಾತ್ರೆಯ ಗುಣವನ್ನೂ ಸಾಬೀತುಪಡಿಸುವಂತಿರಲಿಲ್ಲ. ಮಗು ಹೊರಬಂದ ಕೂಡಲೇ ತಾಯಿಯ ಸೊಂಟದಡಿಗೆ ಹಾಳೆಯನ್ನು ಸೇರಿಸಿ, ಅದರ ಪಟ್ಟಿಯನ್ನು ಹೊಟ್ಟೆಯ ಸುತ್ತ ಕಟ್ಟಬೇಕು. ಕೆಳಗೆ ಕೊಳವೆಯಂತೆ ಕಿರಿದಾಗುತ್ತ ಹೋಗುವ ಚೀಲ, ಚೀಲದ ಮೇಲೆ ಗೆರೆಗಳು. ಏಳು ಮಂದಿ ಸಹೋದ್ಯೋಗಿಗಳ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಇದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು.

2006ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ರಕ್ತಸ್ರಾವದ ಪ್ರಮಾಣ ಶೇ 12ರಿಂದ 6.4ಕ್ಕೆ ಇಳಿದಿತ್ತು. ಒಂದು ಲೀಟರ್ ಮೀರಿದ ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ. ಮಾತ್ರೆ ನುಂಗಿದ ಪ್ರತಿ 18 ಮಂದಿಯಲ್ಲಿ ಒಬ್ಬರ ರಕ್ತಸ್ರಾವ ತಪ್ಪಿತ್ತು. ನಡುಕ, ಜ್ವರ ಹೆಚ್ಚಾದವು, ಆದರೆ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಕ್ಸಿಟೋಸಿನ್ ಸಿಗದ ಕಡೆ ಬಳಸಲೆಂದು ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ತಕರಾರು ಏಳದೆ ಇರಲಿಲ್ಲ. ಮಿಸೊಪ್ರೊಸ್ಟಾಲ್ ಪರವಾದ ಪುರಾವೆಗಳು ಜಾಗತಿಕ ನೀತಿಯನ್ನು ಹೊರುವಷ್ಟು ಗಟ್ಟಿಯಾಗಿಲ್ಲ ಎಂದು ಬ್ರಿಟನ್ನಿನ ಕೆಲವು ಸಂಶೋಧಕರು 2012ರಲ್ಲಿ ಬರೆದರು. ರಕ್ತಸ್ರಾವ ತಡೆಯುವ ಔಷಧ ಜಗತ್ತಿನಲ್ಲಿ ಇರುವಾಗ ಅರ್ಧದಷ್ಟು ಹಳ್ಳಿ ಹೆಂಗಸರಿಗೆ ಬರೀ ಹುಸಿಮಾತ್ರೆ ಕೊಡಬಹುದೇ ಎಂಬುದು ಇನ್ನೂ ಹರಿತವಾದ ಪ್ರಶ್ನೆ. ಆ ಎಎನ್‌ಎಂಗಳು ಆಗ ಆಕ್ಸಿಟೋಸಿನ್ ಚುಚ್ಚುವಂತೆಯೇ ಇರಲಿಲ್ಲ, ಹಾಗಾಗಿ ಯಾರಿಗೂ ಸಿಗುತ್ತಿದ್ದುದನ್ನು ಕಿತ್ತುಕೊಂಡಂತಾಗಲಿಲ್ಲ ಎಂಬುದು ಸಮರ್ಥನೆ. ನಿಯಮದ ಮಟ್ಟಿಗೆ ಉತ್ತರ ಸರಿ. ಆ ನಿಯಮ ಯಾಕೆ ಹಾಗಿತ್ತು ಎಂದು ಕೇಳುವುದು ಪ್ರಯೋಗ ನಡೆಸಿದವರ ಕೆಲಸವಾಗಿರಲಿಲ್ಲ, ಸರ್ಕಾರದ್ದಾಗಿತ್ತು.

ಅಷ್ಟರಲ್ಲಿ ಹೆರಿಗೆಯೇ ಮನೆ ಬಿಟ್ಟಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 2005–06ರಲ್ಲಿ ಶೇ 65ರ ಆಸುಪಾಸು ಇದ್ದದ್ದು 2019–20ರ ಹೊತ್ತಿಗೆ ಶೇ 97. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2004–06ರಲ್ಲಿ 213 ಇದ್ದದ್ದು 2018–20ರಲ್ಲಿ 69ಕ್ಕೆ ಬಂತು. ಒಳ್ಳೆಯದೇ. ಆದರೆ ಅದೇ ಅವಧಿಯಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐವರಲ್ಲಿ ಕೊನೆಯ ಸ್ಥಾನ ನಮ್ಮದು. ಹೆರಿಗೆಯನ್ನು ಆಸ್ಪತ್ರೆಗೆ ತಂದದ್ದರಿಂದಲೇ ಎಲ್ಲ ಸರಿಹೋಗಲಿಲ್ಲ. ಆಸ್ಪತ್ರೆಯಲ್ಲೂ ರಕ್ತವನ್ನು ಕಣ್ಣಂದಾಜಿನಲ್ಲೇ ಅಳೆಯುತ್ತಿದ್ದರು.

ಅಳೆದರೆ ಸಾಕೇ? ಯುರೋಪಿನ 13 ದೇಶಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ರಕ್ತ ಸಂಗ್ರಹಿಸುವ ಚೀಲ ಬಳಸಿ ನೋಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ತೀವ್ರ ರಕ್ತಸ್ರಾವ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಚೀಲ ತುಂಬಿದ್ದು ಕಂಡರೂ ಮುಂದೆ ಏನು, ಎಷ್ಟು ಬೇಗ ಎಂಬುದು ಆಯಾ ಆಸ್ಪತ್ರೆಯ ರೂಢಿಗೇ ಬಿಟ್ಟದ್ದಾಗಿತ್ತು. ಬೆಳಗಾವಿಯ ಚೀಲ ಜಗತ್ತಿನ ಹೆರಿಗೆ ಕೋಣೆಗಳಿಗೆ ಹೋಗದೆ ಸಂಶೋಧನಾ ಪ್ರಬಂಧಗಳಲ್ಲೇ ಉಳಿಯಲು ಈ ಫಲಿತಾಂಶವೂ ಒಂದು ಕಾರಣವಿರಬೇಕು.

ನಡುವೆ ಔಷಧದ ಕಡೆ ಎರಡು ದೊಡ್ಡ ಸುದ್ದಿಗಳು ಬಂದವು. ಜಪಾನಿನ ಉಟಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ಕಂಡುಹಿಡಿದ, ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು 21 ದೇಶಗಳ 20,060 ಮಹಿಳೆಯರ ಮೇಲೆ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಿತ್ತು. ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಶೇ 1.7ರಿಂದ 1.2ಕ್ಕೆ ಇಳಿಯುತ್ತದೆ. ಔಷಧ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ ಅದನ್ನು ಬಾಣಂತಿಯರಿಗೆ ಕೊಟ್ಟು ನೋಡುವ ದೊಡ್ಡ ಮನಸ್ಸು ಬಂತು. ಮರುವರ್ಷ, ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ರಕ್ತಸ್ರಾವ ತಡೆಯುವಲ್ಲಿ ಆಕ್ಸಿಟೋಸಿನ್‌ಗೆ ಕಡಿಮೆಯಿಲ್ಲ ಎಂದು ಭಾರತವೂ ಸೇರಿ ಹತ್ತು ದೇಶಗಳ ಸುಮಾರು 30 ಸಾವಿರ ಹೆರಿಗೆಗಳು ತೋರಿಸಿದವು.

ಎಲ್ಲವನ್ನೂ ಒಂದೆಡೆ ಕಟ್ಟಿದ್ದು ‘ಇ-ಮೋಟಿವ್’ ಪ್ರಯೋಗ. ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದ ಅರಿ ಕುಮಾರಸ್ವಾಮಿ ಮುಂದಾಳತ್ವದಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇದು ನಡೆಯಿತು. ಇಲ್ಲಿಯೂ ಅಳತೆಯ ಹಾಳೆ ಇದೆ, ಆದರೆ 300 ಮತ್ತು 500ರ ಗೆರೆಗಳು ಎಚ್ಚರಿಕೆಯ ಗೆರೆಗಳು. 300 ದಾಟಿ ಬೇರೆ ಅಪಾಯದ ಲಕ್ಷಣ ಕಂಡರೆ, ಅಥವಾ 500 ಮುಟ್ಟಿದರೆ, ಒಂದಾದ ಮೇಲೊಂದು ಕಾದು ನೋಡುವಂತಿಲ್ಲ. ಗರ್ಭಕೋಶ ನೀವುವುದು, ಕುಗ್ಗಿಸುವ ಔಷಧ, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ತಪಾಸಣೆ, ಎಲ್ಲವೂ ಒಟ್ಟಿಗೆ ಶುರುವಾಗಬೇಕು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ 2023ರ ಮೇ ತಿಂಗಳಲ್ಲಿ ಪ್ರಕಟವಾಯಿತು. ರಕ್ತಸ್ರಾವವನ್ನು ಗುರುತಿಸಿದ್ದು ಹಳೆಯ ವಿಧಾನದಲ್ಲಿ ಶೇ 51, ಹೊಸದರಲ್ಲಿ ಶೇ 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಕ್ರಿಯೆ ಅಥವಾ ಅದರಿಂದಾದ ಸಾವು ಒಟ್ಟಾರೆ ಶೇ 4.3ರಿಂದ 1.6ಕ್ಕೆ ಕುಸಿಯಿತು. ಇದರಲ್ಲಿ ಹೊಸ ಔಷಧ ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ಆ 300ರ ಗೆರೆಯನ್ನೇ ಎತ್ತಿಹಿಡಿದಿದೆ: ನಾಡಿ, ರಕ್ತದೊತ್ತಡ ಏರುಪೇರಾಗಿದ್ದರೆ 500ಕ್ಕಾಗಿ ಕಾಯಬೇಡಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ, ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಎದ್ದು, ರಾಜ್ಯದ ಗಮನ ಹೆರಿಗೆ ವಾರ್ಡಿನತ್ತ ಹರಿಯಿತು. ಒಬ್ಬೊಬ್ಬರಾಗಿ, ಒಂದೊಂದು ತಾಲ್ಲೂಕಿನಲ್ಲಿ ರಕ್ತ ಸೋರಿ ಹೋದವರು ಸುದ್ದಿಯಾಗುವುದಿಲ್ಲ.

ಬೆಳಗಾವಿಯ ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. ಅವಧಿಗೆ ಮುನ್ನ ಹೆರಿಗೆ ತಡೆಯಲು ಕಡಿಮೆ ಪ್ರಮಾಣದ ಆಸ್ಪಿರಿನ್, ಹೆರಿಗೆ ನಂಜಿಗೆ ಅಜಿತ್ರೊಮೈಸಿನ್, ಈ ಎರಡೂ ಬಹುರಾಷ್ಟ್ರೀಯ ಪ್ರಯೋಗಗಳಲ್ಲಿ ಅವರ ಪಾಲಿದೆ. ರಕ್ತಸ್ರಾವದ ಪ್ರಶ್ನೆಯೂ ಈಗ ಹೆರಿಗೆಗೆ ತಿಂಗಳುಗಳ ಮುಂಚಿನ ಕಾಲಕ್ಕೆ ಸರಿದಿದೆ. ರಕ್ತವೇ ಕಡಿಮೆ ಇರುವ ತಾಯಿಗೆ 300 ಮಿಲಿಲೀಟರ್ ನಷ್ಟವೂ ದೊಡ್ಡದು. ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆ ಉಳ್ಳವರು. ಅಂಥವರಿಗೆ ಟ್ರಾನೆಕ್ಸಾಮಿಕ್ ಆಮ್ಲವನ್ನು ಮುಂಜಾಗ್ರತೆಯಾಗಿ ಕೊಟ್ಟರೆ ರಕ್ತಸ್ರಾವ ತಪ್ಪುತ್ತದೆಯೇ ಎಂದು ಪಾಕಿಸ್ತಾನ ಮತ್ತು ಆಫ್ರಿಕಾದ ಮೂರು ದೇಶಗಳಲ್ಲಿ ನೋಡಿದ ಪ್ರಯೋಗ 2023ರಲ್ಲಿ ಇಲ್ಲ ಎಂದಿತು.

ಉಳಿದದ್ದು ಕಬ್ಬಿಣಾಂಶ. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟ ಮಾತ್ರೆಗಳನ್ನು ಅನೇಕರು ಪೂರ್ತಿ ನುಂಗುವುದಿಲ್ಲ. ವಾಕರಿಕೆ, ಮಲಬದ್ಧತೆ, ಜೊತೆಗೆ ಮಗು ಕಪ್ಪಾದೀತು ಎಂಬ ಹೆದರಿಕೆ, ಮನೆಯ ಹಿರಿಯರ ಗೊಣಗಾಟ. ತಿಂಗಳುಗಟ್ಟಲೆ ಮಾತ್ರೆಯ ಬದಲು ಎರಡನೇ ತ್ರೈಮಾಸಿಕದಲ್ಲಿ ಒಂದೇ ಸಲ ರಕ್ತನಾಳಕ್ಕೆ ಕಬ್ಬಿಣ ಹರಿಸಿದರೆ ಹೇಗೆ ಎಂದು ಕೇಳುವ ‘ರ‍್ಯಾಪಿಡ್ ಐರನ್’ ಪ್ರಯೋಗ 2021ರಲ್ಲಿ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ಶುರುವಾಯಿತು. ಗರ್ಭಿಣಿಯರು 4,320 ಮಂದಿ. ಮುನ್ನಡೆಸಿದವರಲ್ಲಿ ಮಿಸೊಪ್ರೊಸ್ಟಾಲ್ ಕಾಲದ ಡರ್ಮನ್ ಮತ್ತು ಬೆಳಗಾವಿಯ ಅದೇ ಕಾಲೇಜಿನವರಿದ್ದಾರೆ.